ಕಲ್ಲು ಕುಡಿದ ನೀರು: ಮೇಸಾ ಗುಡ್ಡಗಳ ನೆಲ ಮತ್ತು ಒರತೆ

(ಗದಗಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಎರಡು ಕಲ್ಲು ಇಟ್ಟಿದ್ದೇನೆ. ಒಂದು ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಸಿಕ್ಕ ಮರಳುಗಲ್ಲು. ಮಳೆ ಬಿಸಿಲಿಗೆ ಸವೆದು ಸ್ವಲ್ಪ ಸಡಿಲವಾಗಿದೆ. ಇನ್ನೊಂದು ಜೇಡಿಗಲ್ಲು, ಅಂದರೆ ಬಹಳ ಹಿಂದೆ ಕೆಸರು ಗಟ್ಟಿಯಾಗಿ ಹಾಳೆ ಹಾಳೆಯಾದ ಕಲ್ಲು. ಎರಡರ ಮೇಲೂ ಒಂದೊಂದು ಚಮಚ ನೀರು ಹಾಕುತ್ತೇನೆ. ಮುಂದಿನ ಸಾಲಿನವರು ಎದ್ದು ಬಂದು ನೋಡಿ, ಸಂಕೋಚ ಬೇಡ.

ಮರಳುಗಲ್ಲಿನ ಮೇಲೆ ನೀರು ಒಂದು ಕ್ಷಣ ಹೊಳೆಯಿತು, ಆಮೇಲೆ ಮಂಕಾಯಿತು. ಈಗ ಅಲ್ಲಿ ಒಂದು ಕಪ್ಪು ಕಲೆ ಮಾತ್ರ ಇದೆ. ಕಲೆ ನಿಧಾನಕ್ಕೆ ಅಗಲವಾಗುತ್ತಿದೆ, ಕಾಣುತ್ತಿದೆ ಅಲ್ವಾ? ಜೇಡಿಗಲ್ಲಿನ ಮೇಲೆ ನೀರು ಹಾಗೇ ನಿಂತಿದೆ. ಸ್ವಲ್ಪ ವಾಲಿಸಿದರೆ ಅಂಚಿಗೆ ಬಂದು ತೊಟ್ಟಿಕ್ಕುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಕಲ್ಲಿನಲ್ಲಿದೆ. ಮೊದಲನೆಯದನ್ನು ಎರಡನೆಯದರ ಮೇಲೆ ಇಟ್ಟು, ಅದನ್ನು ಸಾವಿರಾರು ಅಡಿ ಎತ್ತರಕ್ಕೆ ಏರಿಸಿ, ಮೇಲೆ ಹಿಮ ಮಳೆ ಸುರಿಸಿದರೆ ಏನಾಗುತ್ತದೆ? ಅಲ್ಲಿ ಜನ ಹೇಗೆ ಬದುಕುತ್ತಾರೆ?

ಸ್ಪ್ಯಾನಿಷ್ ಭಾಷೆಯಲ್ಲಿ ಮೇಸಾ ಎಂದರೆ ಮೇಜು. ತಲೆ ಸಪಾಟು, ಬದಿಗಳು ಕಡಿದಾದ ಗೋಡೆ. ಅಂಥ ಗುಡ್ಡವನ್ನು ನೋಡಿದವರಿಗೆಲ್ಲ ಇದು ನೆಲದಿಂದ ಮೇಲೆದ್ದು ಬಂದಿದೆ ಎಂದೇ ಅನಿಸುತ್ತದೆ. ನಡೆದದ್ದು ಉಲ್ಟಾ. ಒಂದು ಕಾಲಕ್ಕೆ ಸುತ್ತಲಿನ ನೆಲವೆಲ್ಲ ಅದೇ ಮಟ್ಟದಲ್ಲಿತ್ತು. ಹಳ್ಳ ಹೊಳೆಗಳು ಮೆತ್ತನೆಯದನ್ನು ಕೊಚ್ಚಿಕೊಂಡು ಹೋದವು. ಮೇಲೆ ಗಟ್ಟಿ ಕಲ್ಲಿನ ಮುಚ್ಚಳ ಇದ್ದ ಕಡೆ ಮಾತ್ರ ನೆಲ ಉಳಿಯಿತು. ಇದನ್ನು ನಿಮ್ಮ ಮನೆಯ ಹಿತ್ತಲಲ್ಲೇ ನೋಡಬಹುದು. ಮಣ್ಣಿನ ಮೇಲೆ ಒಂದು ಹಂಚಿನ ಚೂರು ಬಿದ್ದಿರುತ್ತದೆ. ಜೋರು ಮಳೆ ಬಂದು ಹೋದ ಮೇಲೆ ಹೋಗಿ ನೋಡಿ. ಸುತ್ತಲಿನ ಮಣ್ಣು ಕೊಚ್ಚಿ ಹೋಗಿ, ಚೂರಿನ ಕೆಳಗೆ ಮಾತ್ರ ಬೆರಳೆತ್ತರದ ಕಂಬ ನಿಂತಿರುತ್ತದೆ. ಮೇಸಾ ಅಂದರೆ ಅದೇ. ಹಂಚಿನ ಚೂರು ಮಾತ್ರ ಮೈಲುಗಟ್ಟಲೆ ದೊಡ್ಡದು.

ಇಲ್ಲಿ ಕೂತವರಲ್ಲಿ ಅರ್ಧ ಜನರ ಮನಸ್ಸಿನಲ್ಲಿ ಈಗ ಕಪ್ಪತಗುಡ್ಡ ಬಂದಿರಬಹುದು. ಕಪ್ಪತಗುಡ್ಡ ಮೇಸಾ ಅಲ್ಲ. ಅದರ ಕಲ್ಲಿನ ಪದರಗಳು ಮಡಚಿ, ಹಿಂಡಿ, ನೆಟ್ಟಗೆ ನಿಂತಿವೆ. ಅದು ಧಾರವಾಡದ ಹೆಸರನ್ನೇ ಹೊತ್ತ ಹಳೆಯ ಶಿಲೆಗಳ ಸಾಲು, ಅದರ ನೀರಿನ ಲೆಕ್ಕವೇ ಬೇರೆ. ನಮ್ಮ ಜಿಲ್ಲೆಯಲ್ಲಿ ಮೇಸಾ ನೋಡಬೇಕೆಂದರೆ ಗಜೇಂದ್ರಗಡಕ್ಕೆ ಹೋಗಬೇಕು. ಬದಾಮಿಯ ಮರಳುಗಲ್ಲು ದಕ್ಷಿಣಕ್ಕೆ ಬಂದು ಮುಗಿಯುವ ಅಂಚು ಅದು. ಪದರಗಳು ಇವತ್ತಿಗೂ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಮಲಗಿವೆ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಅಮೆರಿಕಕ್ಕೆ, ಕೊಲೊರಾಡೊ ರಾಜ್ಯದ ನೈಋತ್ಯ ಮೂಲೆಗೆ ಹೋಗೋಣ.

ಅಲ್ಲಿರುವುದು ಮೇಸಾ ವರ್ಡೆ, ಹಾಗೆಂದರೆ ಹಸಿರು ಮೇಜು. 1906ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು, 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉತ್ತರದ ಅಂಚಿನ ಅತಿ ಎತ್ತರದ ಜಾಗ 2,613 ಮೀಟರ್. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಗದಗ 650ರ ಆಸುಪಾಸು. ಅಷ್ಟು ಎತ್ತರದಲ್ಲಿ ಜನ ಜೋಳ ಬೆಳೆದರು. ಜೋಳ ಅಂದರೆ ನಮ್ಮ ಬಿಳಿ ಜೋಳ ಅಲ್ಲ, ಗೋವಿನಜೋಳ. ಜೊತೆಗೆ ಹುರುಳಿಕಾಯಿ ಜಾತಿಯ ಬೀನ್ಸ್ ಮತ್ತು ಕುಂಬಳ. ಸುಮಾರು ಏಳು ನೂರು ವರ್ಷ ಅಲ್ಲಿ ಬಾಳಿದರು, ಕ್ರಿ.ಶ. 550ರಿಂದ 1300ರ ಹತ್ತಿರದವರೆಗೆ. ಅವರನ್ನು ಪೂರ್ವಿಕ ಪ್ಯೂಬ್ಲೊ ಜನ ಎನ್ನುತ್ತಾರೆ. ಲಕ್ಕುಂಡಿಯಲ್ಲಿ ನಮ್ಮವರು ಗುಡಿ, ಬಾವಿ ಕಟ್ಟುತ್ತಿದ್ದ ಕಾಲವೂ ಅದರೊಳಗೇ ಬರುತ್ತದೆ.

ಅದು ಪೂರ್ತಿ ಸಪಾಟು ಮೇಜು ಅಲ್ಲ ಎಂಬುದನ್ನು ಹೇಳಲೇಬೇಕು. ದಕ್ಷಿಣಕ್ಕೆ ತುಸು ವಾಲಿದೆ, ಸುಮಾರು ಏಳು ಡಿಗ್ರಿ. ಭೂವಿಜ್ಞಾನದಲ್ಲಿ ಇಂಥದ್ದಕ್ಕೆ ಕ್ವೆಸ್ಟಾ ಎಂಬ ಬೇರೆ ಹೆಸರೇ ಇದೆ. ಈ ಚಿಕ್ಕ ವಾಲು ಅಲ್ಲಿನ ಜನರ ಪಾಲಿಗೆ ದೊಡ್ಡ ಭಾಗ್ಯ. ನೆಲ ಬಿಸಿಲಿಗೆ ಮುಖ ಮಾಡಿದ್ದರಿಂದ ಹಿಮ ಬೀಳುವ ಎತ್ತರದಲ್ಲೂ ಬೆಳೆ ಕೈಗೆ ಬರುವಷ್ಟು ಬೆಚ್ಚಗಿನ ದಿನಗಳು ಸಿಕ್ಕವು. ಕಲ್ಲಿನೊಳಗೆ ಇಂಗಿದ ನೀರೂ ಅದೇ ದಿಕ್ಕಿಗೆ ಜಾರಿತು. ಮೇಲಿನ ನೆಲವನ್ನು ದಕ್ಷಿಣಕ್ಕೆ ಹರಿವ ಕಣಿವೆಗಳು ಕೈಬೆರಳಿನ ಹಾಗೆ ಸೀಳಿವೆ. ಕಣಿವೆಗಳೆಲ್ಲ ಕೊನೆಗೆ ಮಾಂಕೋಸ್ ನದಿ ಸೇರುತ್ತವೆ. ನದಿ ಇರುವುದು ತೀರ ಕೆಳಗೆ. ಮೇಲೆ ವರ್ಷವಿಡೀ ಹರಿಯುವ ಒಂದು ಹಳ್ಳವೂ ಇಲ್ಲ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 450 ಮಿಲಿಮೀಟರ್. ನಮ್ಮ ಗದಗಿಗೆ 600ರ ಮೇಲೆ ಬೀಳುತ್ತದೆ, ಆದರೂ ನಾವು ಕೊಡ ಹಿಡಿದು ಕಾಯುತ್ತೇವೆ.

ಹಾಗಾದರೆ ನೀರು ಎಲ್ಲಿತ್ತು?

ನಾನು ಅಲ್ಲಿಗೆ ಹೋದದ್ದು ಒಂದು ಜೂನ್ ತಿಂಗಳು. ಒಣ ಬಿಸಿಲು, ತುಟಿ ಒಡೆಯುವ ಗಾಳಿ. ಮೇಲೆ ಕುಳ್ಳಗಿನ ಪೈನ್ ಮರಗಳು, ಜೂನಿಪರ್ ಗಿಡಗಳು, ಕೆಂಪು ಮಣ್ಣು. ಅಲ್ಲಿ ಲಾಂಗ್ ಹೌಸ್ ಎಂಬ ಜಾಗವಿದೆ. ಬಂಡೆಯ ಗೋಡೆಯಲ್ಲಿ ಒಂದು ದೊಡ್ಡ ಪೊಟರೆ, ಅದರೊಳಗೆ ಕಲ್ಲಿನಲ್ಲಿ ಕಟ್ಟಿದ ಒಂದು ಇಡೀ ಊರು. ಸುಮಾರು 150 ಕೋಣೆಗಳು. ಕ್ಲಿಫ್ ಪ್ಯಾಲೇಸ್ ಎಂಬ ಇನ್ನೊಂದು ಊರಿನ ಫೋಟೊ ನೀವು ನೋಡಿರುತ್ತೀರಿ, ಅದೂ ಇಷ್ಟೇ ದೊಡ್ಡದು. ಬಂದವರೆಲ್ಲ ಗೋಡೆ, ಗೋಪುರ, ಕಿಟಕಿಗಳ ಫೋಟೊ ತೆಗೆಯುತ್ತಿದ್ದರು. ನಾನು ಮನೆಗಳ ಹಿಂದೆ, ಪೊಟರೆಯ ತೀರ ಒಳಗಿನ ಗೋಡೆ ಹತ್ತಿರ ಹೋದೆ. ಅಲ್ಲಿ ಬಂಡೆಯ ಉದ್ದಕ್ಕೂ ಒಂದು ಕಪ್ಪು ಗೆರೆ. ಗೆರೆಯ ಮೇಲೆ ಮರಳುಗಲ್ಲು, ಕೆಳಗೆ ಜೇಡಿಯ ಪದರ. ಗೆರೆಯಲ್ಲಿ ತೇವ. ಅದರ ಬುಡದ ಬಂಡೆಯ ಮೇಲೆ ಯಾರೋ ಕಲ್ಲಿನಿಂದ ಕುಟ್ಟಿ ಕುಟ್ಟಿ ಮಾಡಿದ ಚಿಕ್ಕ ಚಿಕ್ಕ ಗುಳಿಗಳು. ಚನ್ನೆಮಣೆಯ ಗುಳಿ ಇರುತ್ತದಲ್ಲ, ನನಗೆ ತಕ್ಷಣ ನೆನಪಾದದ್ದು ಅದು. ಜಿನುಗಿದ ನೀರು ಆ ಗುಳಿಗಳಲ್ಲಿ ನಿಲ್ಲಬೇಕು, ಅದಕ್ಕೇ ಕುಟ್ಟಿದ್ದು. ಅಲ್ಲಿನವರು ಕಪ್ಪು ಬಿಳಿ ಚಿತ್ತಾರದ ಮಣ್ಣಿನ ಸೌಟುಗಳನ್ನು ಮಾಡುತ್ತಿದ್ದರು. ಆ ಸೌಟಿನಿಂದ ಗುಳಿಯ ನೀರನ್ನು ತೋಡಿ ಗಡಿಗೆಗೆ ತುಂಬಿರಬೇಕು. ಒಂದು ಗುಳಿ ತುಂಬುವವರೆಗೆ ಒಬ್ಬ ಹೆಂಗಸು ಎಷ್ಟು ಹೊತ್ತು ಅಲ್ಲಿ ಕೂತಿರಬೇಕು, ಯೋಚಿಸಿ. ನಾನು ಗಂಟಲು ಬಿಗಿದು ಅಲ್ಲೇ ನಿಂತುಬಿಟ್ಟೆ. ನಮ್ಮಜ್ಜಿ ಬೇಸಿಗೆಯಲ್ಲಿ ಹಳ್ಳದ ಮರಳು ಬಗೆದು, ವರ್ತಿ ತೆಗೆದು, ತೆಂಗಿನ ಚಿಪ್ಪಿನಿಂದ ನೀರು ತೋಡುತ್ತಿದ್ದುದನ್ನು ನಾನು ನೋಡಿದ್ದೇನೆ. ಅದೇ ಕೈ, ಅದೇ ಕಾಯುವಿಕೆ.

ಈಗ ಮತ್ತೆ ಈ ಎರಡು ಕಲ್ಲಿಗೆ ಬನ್ನಿ. ಹಿಮ ಕರಗಿದ ನೀರು ಮೇಲಿನ ಮಣ್ಣಿನಲ್ಲಿ ಇಳಿಯುತ್ತದೆ, ಮರಳುಗಲ್ಲಿನ ಕಣಗಳ ನಡುವೆ, ಬಿರುಕುಗಳ ನಡುವೆ ಇಳಿಯುತ್ತದೆ. ಕೆಳಗೆ ಜೇಡಿ ಅಡ್ಡ ಬರುತ್ತದೆ. ದಾಟಲಾಗುವುದಿಲ್ಲ. ಅಡ್ಡಕ್ಕೆ ಹರಿದು ಕಣಿವೆಯ ಗೋಡೆಯಲ್ಲಿ ಹೊರಗೆ ಬರುತ್ತದೆ. ಚಳಿಗಾಲದಲ್ಲಿ ಅದೇ ತೇವ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದರೆ ಹಿಗ್ಗುತ್ತದೆ, ಕಲ್ಲು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಾವಿರಾರು ಚಳಿಗಾಲ ಹೀಗೆ ಉದುರಿ ಉದುರಿ ಬಂಡೆಯಲ್ಲಿ ಪೊಟರೆ ಆಗುತ್ತದೆ. ಅಂದರೆ ಆ ಜನರಿಗೆ ಕುಡಿಯುವ ನೀರು ಕೊಟ್ಟದ್ದೂ, ತಲೆಯ ಮೇಲೆ ಸೂರು ಕೊಟ್ಟದ್ದೂ ಅದೇ ಒಂದು ಜಿನುಗು. ಮೇಸಾದ ನೆಲವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪೊಟರೆಗಳಲ್ಲಿ ಊರು ಕಟ್ಟಿದ್ದು ಕೊನೆಯ ನೂರು ವರ್ಷದಲ್ಲಿ ಮಾತ್ರ, 1190ರಿಂದ ಈಚೆಗೆ. ಅದಕ್ಕೂ ಮೊದಲು ಬಹುಪಾಲು ಜನ ಮೇಲೆ, ಹೊಲಗಳ ಪಕ್ಕದಲ್ಲೇ ಇದ್ದರು.

ಆ ಹೊಲಗಳ ಮಣ್ಣನ್ನೂ ನೋಡಬೇಕು. ಅದು ಗಾಳಿ ತಂದು ಹಾಸಿದ ಕೆಂಪು ದೂಳು. ನುಣ್ಣಗಿನ ಮಣ್ಣು, ಹಸಿ ಚೆನ್ನಾಗಿ ಹಿಡಿಯುತ್ತದೆ. ಕಾಲುವೆ ಇಲ್ಲದೆ, ಮಣ್ಣಿನಲ್ಲಿ ಉಳಿದ ಹಸಿಯಿಂದಲೇ ಬೆಳೆ. ರೋಣ, ನರಗುಂದದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿ ಜೋಳ ಬಿತ್ತಿ, ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ, ಇದ್ದ ಹಸಿಯಲ್ಲೇ ಸೀತನಿವರೆಗೆ ತರುವವರು ನೀವು. ಅವರೂ ಇಳಿಜಾರಿನ ಕೊರಕಲುಗಳಿಗೆ ಅಡ್ಡಲಾಗಿ ಸಾಲು ಸಾಲು ಕಲ್ಲಿನ ಒಡ್ಡು ಹಾಕಿದರು. ಒಡ್ಡಿನ ಹಿಂದೆ ಮಣ್ಣು ನಿಂತಿತು, ಮಣ್ಣಿನಲ್ಲಿ ಹಸಿ ನಿಂತಿತು, ಅಲ್ಲೇ ನಾಲ್ಕು ಸಾಲು ಬೆಳೆದರು.

ಅವರು ಕೆರೆಗಳನ್ನೂ ಕಟ್ಟಿದರು. ಈವರೆಗೆ ಗುರುತಿಸಿದ ನಾಲ್ಕು ಕೆರೆಗಳಿಗೆ 2004ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಐತಿಹಾಸಿಕ ನಿರ್ಮಾಣ ಎಂಬ ಮನ್ನಣೆ ಕೊಟ್ಟಿತು. ಅವುಗಳಲ್ಲಿ ಒಂದರ ಬಗ್ಗೆ ತಜ್ಞರಲ್ಲಿ ಜಗಳವಿದೆ, ಅದು ಕೆರೆಯೇ ಅಲ್ಲ, ಆಚರಣೆಯ ಜಾಗ ಎಂದು ಕೆಲವರು ವಾದಿಸುತ್ತಾರೆ. ನನಗೆ ಇಷ್ಟವಾದದ್ದು ಮೋರ್‌ಫೀಲ್ಡ್ ಕಣಿವೆಯದು. ಸುಮಾರು 750ರಿಂದ 1100ರವರೆಗೆ ಬಳಕೆಯಲ್ಲಿತ್ತು. ಅದನ್ನು ಈಗ ನೋಡಿದರೆ ಕೆರೆ ಅನಿಸುವುದೇ ಇಲ್ಲ. ಕಣಿವೆಯ ತಳದಲ್ಲಿ ಒಂದು ದಿಬ್ಬ, 21 ಅಡಿ ಎತ್ತರ. ಕೆರೆ ಹೇಗೆ ದಿಬ್ಬವಾಯಿತು? ಮಳೆ ನೀರಿನ ಜೊತೆ ಹೂಳು ಬರುತ್ತಿತ್ತು. ಹೂಳು ತೆಗೆದು ದಂಡೆಗೆ ಹಾಕಿದರು. ಮತ್ತೆ ಹೂಳು ಬಂತು. ಮತ್ತೆ ತೆಗೆದು ದಂಡೆಗೆ ಹಾಕಿದರು. ತೆಗೆದದ್ದಕ್ಕಿಂತ ತುಸು ಜಾಸ್ತಿ ಉಳಿಯುತ್ತಾ, ಕೆರೆಯ ತಳವೂ ದಂಡೆಯೂ ಸೇರಿ ವರ್ಷ ವರ್ಷಕ್ಕೂ ಮೇಲೇರಿದವು. ಕೊನೆಗೆ ನೀರು ತರಲು ಮೇಲಿನಿಂದ ಕಾಲುವೆ ತೋಡಿಕೊಂಡರು. ಸುಮಾರು 350 ವರ್ಷ, ಕಬ್ಬಿಣದ ಹಾರೆ ಇಲ್ಲ, ಎತ್ತು ಇಲ್ಲ, ಬಂಡಿ ಇಲ್ಲ. ಬುಟ್ಟಿ ಮತ್ತು ಕೈ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ, ಸಿಟ್ಟಾಗಬೇಡಿ. ನವಲಗುಂದ, ರೋಣದ ಎರೆ ಸೀಮೆಯಲ್ಲಿ ಬಾವಿ ತೋಡಿದರೆ ಬರುವುದು ಹೆಚ್ಚಾಗಿ ಸವುಳು ನೀರು. ಅದಕ್ಕೇ ಅಲ್ಲಿ ಊರಿಗೊಂದು ಸೀ ನೀರಿನ ಕೆರೆ ಇರುತ್ತಿತ್ತು, ಕುಡಿಯಲು ಮಾತ್ರ. ಆ ಕೆರೆಗೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿರಲಿಲ್ಲ, ದನ ಬಿಡುವಂತಿರಲಿಲ್ಲ, ಮುಖ ತೊಳೆಯುವಂತಿರಲಿಲ್ಲ. ನಾನು ಏಳನೇ ವಯಸ್ಸಿನಲ್ಲಿ ಅಂಥ ಒಂದು ಕೆರೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಗುರುತು ಪರಿಚಯ ಇಲ್ಲದ ಒಬ್ಬ ಮುದುಕ ಬಂದು ರಟ್ಟೆ ಹಿಡಿದು ಎಬ್ಬಿಸಿ ಬೈದ. ಮನೆಗೆ ಬಂದು ಹೇಳಿದರೆ ಅವ್ವ ಇನ್ನೆರಡು ಬಿಟ್ಟಳು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರಿನವರು ಮನೆಗೊಬ್ಬರಂತೆ ಹೂಳು ಹೊರುತ್ತಿದ್ದರು, ಆ ಹೂಳು ಹೊಲಕ್ಕೆ ಹೋಗುತ್ತಿತ್ತು. ಮೋರ್‌ಫೀಲ್ಡ್‌ನ ದಿಬ್ಬದ ಬಗ್ಗೆ ಓದುವಾಗ ನನಗೆ ಆ ಬುಟ್ಟಿಗಳು ಕಣ್ಣಿಗೆ ಬಂದವು. ಈಗ ನಲ್ಲಿ ಬಂದಿದೆ, ಕೆರೆ ದಂಡೆಯಲ್ಲಿ ಬೈಯುವ ಮುದುಕ ಇಲ್ಲ.

ಮತ್ತೆ ದಾರಿಗೆ ಬರುತ್ತೇನೆ. ಮೇಸಾದ ಒರತೆಗೆ ಎಲ್ಲ ಮಳೆಯೂ ಒಂದೇ ಅಲ್ಲ. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಗುಡುಗು ಸಿಡಿಲಿನ ಮಳೆ ಬರುತ್ತದೆ, ಅದಕ್ಕೆ ಅವರೂ ಮಾನ್ಸೂನ್ ಎಂದೇ ಹೇಳುತ್ತಾರೆ. ಬೆಳೆಗೆ ಅದು ಬೇಕು. ಆದರೆ ಅದು ಧೋ ಎಂದು ಸುರಿದು ಕಣಿವೆಗೆ ಓಡಿಬಿಡುತ್ತದೆ. ಒರತೆಯನ್ನು ತುಂಬುವುದು ಚಳಿಗಾಲದ ಹಿಮ. ವಾರಗಟ್ಟಲೆ ನೆಲದ ಮೇಲೆ ಕೂತು, ಹನಿ ಹನಿ ಕರಗಿ ಇಂಗುತ್ತದೆ. ನಮ್ಮಲ್ಲಿ ಹಿಮ ಇಲ್ಲ, ಆದರೆ ಅಡ್ಡಮಳೆಗೂ ನಾಲ್ಕು ದಿನದ ಜಿಟಿಜಿಟಿ ಮಳೆಗೂ ಇರುವ ವ್ಯತ್ಯಾಸ ನಮ್ಮ ಬಾವಿಗಳಿಗೆ ಚೆನ್ನಾಗಿ ಗೊತ್ತು.

1276ರಿಂದ 1299ರವರೆಗೆ ಅಲ್ಲಿ ದೊಡ್ಡ ಬರ ಬಿತ್ತು. ಇದು ನಮಗೆ ವರ್ಷದ ಲೆಕ್ಕದಲ್ಲಿ ಹೇಗೆ ಗೊತ್ತಾಯಿತು ಅಂದರೆ ಮರದ ಉಂಗುರಗಳಿಂದ. ಮಳೆ ಚೆನ್ನಾದ ವರ್ಷ ಮರದೊಳಗೆ ದಪ್ಪ ಉಂಗುರ, ಬರದ ವರ್ಷ ತೆಳು ಉಂಗುರ. ಎ. ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ ಸೂರ್ಯನ ಅಧ್ಯಯನಕ್ಕೆಂದು ಮರ ನೋಡಲು ಶುರು ಮಾಡಿದವನು. 1929ರಲ್ಲಿ ಅವನಿಗೆ ಒಂದು ಸುಟ್ಟ ತೊಲೆ ಸಿಕ್ಕಿತು. ಅದರ ಉಂಗುರಗಳು ಹಳೆಯ ಮನೆಗಳ ತೊಲೆಗಳನ್ನು ಇವತ್ತಿನ ಮರಗಳ ಲೆಕ್ಕಕ್ಕೆ ಜೋಡಿಸಿದವು. ಅಲ್ಲಿಂದ ಯಾವ ಮನೆಯ ತೊಲೆ ಯಾವ ವರ್ಷ ಕಡಿದದ್ದು ಎಂದು ಹೇಳುವುದು ಸಾಧ್ಯವಾಯಿತು. ಮೇಸಾ ವರ್ಡೆಯ ತೊಲೆಗಳ ಲೆಕ್ಕ 1270ರ ದಶಕದ ಕೊನೆಯ ಹೊತ್ತಿಗೆ ನಿಂತುಹೋಗುತ್ತದೆ. 1300ರ ಹೊತ್ತಿಗೆ ಊರುಗಳು ಖಾಲಿ. ಬರ ಒಂದೇ ಕಾರಣ ಎನ್ನಲಾಗುವುದಿಲ್ಲ. ಜನ ಜಾಸ್ತಿಯಾಗಿದ್ದರು, ಸೌದೆ, ಬೇಟೆ ಕಡಿಮೆಯಾಗಿತ್ತು, ಜಗಳಗಳೂ ಇದ್ದವು. ಆದರೆ ಗುಳಿಗೆ ಜಿನುಗುವ ನೀರನ್ನು ನಂಬಿದ ಊರಿಗೆ ಇಪ್ಪತ್ತು ವರ್ಷದ ಬರ ಏನು ಮಾಡಬಹುದು, ನೀವೇ ಊಹಿಸಿ.

ಅವರು ಮಾಯವಾದರು ಎಂದು ಹಳೆಯ ಬರಹಗಳಲ್ಲಿ ಬರೆದಿರುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವರು ದಕ್ಷಿಣಕ್ಕೆ ನಡೆದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತೂ ಇದ್ದಾರೆ. ಹೋಪಿ, ಝೂನಿ, ರಿಯೊ ಗ್ರಾಂಡೆ ನದಿಯ ಪ್ಯೂಬ್ಲೊ ಊರುಗಳವರು ಅವರೇ.

ಹೋಪಿ ಜನ ಇರುವುದೂ ಮೇಸಾ ಮೇಲೆಯೇ. ಅರಿಝೋನಾ ರಾಜ್ಯದಲ್ಲಿ ಬ್ಲ್ಯಾಕ್ ಮೇಸಾ ಎಂಬ ದೊಡ್ಡ ಎತ್ತರದ ನೆಲವಿದೆ. ಅದರ ದಕ್ಷಿಣದ ಅಂಚು ಮೂರು ಬೆರಳಾಗಿ ಚಾಚಿದೆ. ಆ ಮೂರು ಬೆರಳುಗಳ ಮೇಲೆ, ಬುಡದಲ್ಲಿ ಅವರ ಊರುಗಳು. ಒರೈಬಿ ಎಂಬ ಊರಿನಲ್ಲಿ ಸುಮಾರು 1100ರಿಂದ ಇವತ್ತಿನವರೆಗೂ ಜನ ಒಲೆ ಹಚ್ಚುತ್ತಿದ್ದಾರೆ. ಮಳೆ ನಮ್ಮ ಅರ್ಧಕ್ಕಿಂತಲೂ ಕಡಿಮೆ. ಊರು ಅಲ್ಲೇ ಯಾಕೆ ನಿಂತಿತು ಅಂದರೆ ಮತ್ತೆ ಅದೇ ಉತ್ತರ. ಮೇಲೆ ನೀರು ಕುಡಿಯುವ ಮರಳುಗಲ್ಲು, ಕೆಳಗೆ ಬಿಗಿ ಪದರ, ಅಂಚಿನಲ್ಲಿ ಒರತೆ.

ಅವರ ಬಿತ್ತನೆ ನೋಡಬೇಕು ನೀವು. ಕೋಲಿನಿಂದ ಮರಳು ಮಣ್ಣನ್ನು ಒಂದು ಅಡಿ, ಕೆಲವೊಮ್ಮೆ ಇನ್ನೂ ಆಳಕ್ಕೆ, ಹಸಿ ಕೈಗೆ ತಾಗುವವರೆಗೆ ತೋಡುತ್ತಾರೆ. ಒಂದೇ ಗುಣಿಗೆ ಹಿಡಿಯಷ್ಟು ಕಾಳು ಹಾಕುತ್ತಾರೆ. ಇನ್ನೊಂದು ಗುಣಿಗೆ ಮೂರು ನಾಲ್ಕು ಹೆಜ್ಜೆ ದೂರ. ಮಾಮೂಲಿ ಜೋಳವನ್ನು ಅಷ್ಟು ಆಳಕ್ಕೆ ಹಾಕಿದರೆ ಮೊಳಕೆ ಮಣ್ಣಿನಲ್ಲೇ ಸಾಯುತ್ತದೆ. ಹೋಪಿ ಜೋಳದ ಮೊಳಕೆ ಉದ್ದಕ್ಕೆ ಚಾಚಿ ಮೇಲೆ ಬರುತ್ತದೆ. ನೂರಾರು ವರ್ಷ ಬೀಜ ಆಯ್ದು ಆಯ್ದು ಮಾಡಿಕೊಂಡ ತಳಿ ಅದು. ಅವರ ಭಾಷೆಯಲ್ಲಿ ನೀರಿಗೆ ಎರಡು ಪದ. ಒರತೆಯಲ್ಲಿ, ಹಳ್ಳದಲ್ಲಿ ತನ್ನ ಪಾಡಿಗೆ ಇರುವ ನೀರು ಪಾಹು. ತೋಡಿ ಗಡಿಗೆಗೆ ತುಂಬಿಕೊಂಡರೆ ಅದು ಕೂಯಿ. ನೆಲದ ನೀರು ಬೇರೆ, ನಮ್ಮದು ಮಾಡಿಕೊಂಡ ನೀರು ಬೇರೆ.

ಈ ಬ್ಲ್ಯಾಕ್ ಮೇಸಾದಲ್ಲಿ ಕಲ್ಲಿದ್ದಲು ಇತ್ತು. 1970ರಿಂದ 2005ರವರೆಗೆ ಆ ಕಲ್ಲಿದ್ದಲನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 273 ಮೈಲು ಉದ್ದದ ಪೈಪಿನಲ್ಲಿ ನೆವಾಡಾ ರಾಜ್ಯದ ವಿದ್ಯುತ್ ಸ್ಥಾವರಕ್ಕೆ ಹರಿಸಿದರು. ನೀರು ಬಂದದ್ದು ಕೆಳಗಿನ ನವಾಹೊ ಮರಳುಗಲ್ಲಿನ ಪದರದಿಂದ. ವರ್ಷಕ್ಕೆ ಸುಮಾರು 500 ಕೋಟಿ ಲೀಟರ್. ಆ ಆಳದ ನೀರು ಸಾವಿರಾರು ವರ್ಷದ ಹಿಂದೆ, ಹಿಮಯುಗದ ಕಾಲಕ್ಕೆ ಇಂಗಿದ್ದು. ಒರತೆ ಕುಗ್ಗುತ್ತಿದೆ ಎಂದು ಹೋಪಿ ಹಿರಿಯರು ಹೇಳಿದರು, ಪಂಪಿನಿಂದ ಅಂಥ ತೊಂದರೆ ಏನಿಲ್ಲ ಎಂದು ಇನ್ನೊಂದು ಕಡೆಯವರು ಲೆಕ್ಕ ತೋರಿಸಿದರು. ಬಾವಿಗಳ ಮಟ್ಟ ಇಳಿದದ್ದಂತೂ ದಾಖಲೆಯಲ್ಲಿದೆ. ಮೂವತ್ತೈದು ವರ್ಷ ಕುಡಿಯುವ ನೀರಿನಲ್ಲಿ ಕಲ್ಲಿದ್ದಲು ಸಾಗಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಗಜೇಂದ್ರಗಡ. ಅಲ್ಲಿನ ಕಾಲಕಾಲೇಶ್ವರನ ಗುಡಿಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಂತರಗಂಗೆ. ಮರದ ಬೇರಿನ ಸಂದಿಯಿಂದ ವರ್ಷವಿಡೀ ನೀರು ಬಂದು ಪುಷ್ಕರಣಿಗೆ ಬೀಳುತ್ತದೆ. ಸುತ್ತಲಿನ ಹೊಲಗಳು ಬಿರಿದು ಬಾಯಿ ಬಿಟ್ಟಾಗಲೂ ಅಲ್ಲಿ ನೀರು. ಬದಾಮಿ ಕಡೆಯ ಮರಳುಗಲ್ಲು ಅಮೆರಿಕದ್ದಕ್ಕಿಂತ ಬಹಳ ಹಳೆಯದು, ಬಹಳ ಗಟ್ಟಿ. ಅದರಲ್ಲಿ ನೀರು ಕಣಗಳ ನಡುವೆ ಇಳಿಯುವುದು ಕಡಿಮೆ, ಬಿರುಕಿನಲ್ಲಿ, ಪದರಗಳ ಸಂದಿನಲ್ಲಿ ಇಳಿಯುವುದು ಜಾಸ್ತಿ. ಆದರೆ ಪಾಠ ಅದೇ. ಬೇರಿನ ಸಂದಿಯಲ್ಲಿ ಕಾಣುವ ನೀರು ಬಿದ್ದದ್ದು ಗುಡ್ಡದ ನೆತ್ತಿಯ ಮೇಲೆ. ನಾವು ಪುಷ್ಕರಣಿಗೆ ಕೈ ಮುಗಿಯುತ್ತೇವೆ, ನೆತ್ತಿಯ ಕಡೆ ತಿರುಗಿಯೂ ನೋಡುವುದಿಲ್ಲ. ನೆತ್ತಿಯ ಮೇಲಿನ ಹುಲ್ಲು, ಕುರುಚಲು ಗಿಡ, ಎರಡು ಗೇಣು ಮಣ್ಣು ಇವೇ ಮಳೆಯನ್ನು ನಿಲ್ಲಿಸಿ ಬಿರುಕಿಗೆ ಇಳಿಸುವುದು. ಅದನ್ನು ಕೆರೆದರೆ, ಸುಟ್ಟರೆ, ಮೇಲಿನ ದಾರಿಗಳ ನೀರನ್ನೆಲ್ಲ ಚರಂಡಿ ಮಾಡಿ ಕೆಳಗೆ ಬಿಟ್ಟರೆ ಅಂತರಗಂಗೆಗೆ ಹೋಗುವ ದಾರಿಯೇ ಮುಚ್ಚುತ್ತದೆ. ಗುಡ್ಡದ ಬುಡದಲ್ಲಿ ಬೋರು ಕೊರೆಯುವಾಗಲೂ ಇದನ್ನು ಯೋಚಿಸಬೇಕು. ಆಳದ ನೀರಿಗೂ ಅಂಚಿನ ಒರತೆಗೂ ಸಂಬಂಧ ಇರಬಹುದು.

ಇಲ್ಲಿ ಕಾಲೇಜಿನ ಮಕ್ಕಳು ತುಂಬಾ ಜನ ಬಂದಿದ್ದೀರಿ, ನಿಮ್ಮನ್ನು ಒಂದು ಕೆಲಸ ಕೇಳುತ್ತೇನೆ. ಖರ್ಚು ಏನೂ ಇಲ್ಲ. ಒಂದು ಲೀಟರಿನ ಡಬ್ಬಿ, ಮೊಬೈಲಿನ ಗಡಿಯಾರ, ಒಂದು ನೂರು ಪುಟದ ನೋಟ್‌ಬುಕ್. ಪ್ರತಿ ಅಮಾವಾಸ್ಯೆಗೆ ಗುಡಿಗೆ ಹೋಗುವವರು ಇದ್ದೇ ಇರುತ್ತಾರೆ. ಹೋದಾಗ ನೀರು ಬೀಳುವ ಜಾಗಕ್ಕೆ ಡಬ್ಬಿ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ಎಂದು ಬರೆಯಿರಿ. ಮೂರು ಸಲ ಹಿಡಿಯಿರಿ, ಮೂರನ್ನೂ ಬರೆಯಿರಿ. ಪಕ್ಕದಲ್ಲಿ ಆ ತಿಂಗಳು ಯಾವ ಮಳೆ ಆಯಿತು, ಜೋರೋ ಜಿಟಿಯೋ ಅಂತ ಬರೆಯಿರಿ. ಪೂಜಾರಿಗಳನ್ನು ಕೇಳಿಕೊಂಡು, ಅವರ ಒಪ್ಪಿಗೆಯಿಂದ ಮಾಡಿ. ಹತ್ತು ವರ್ಷ ಆಗುವಷ್ಟರಲ್ಲಿ ನಿಮ್ಮಲ್ಲಿ ಅರ್ಧ ಜನ ಬೆಂಗಳೂರು ಸೇರಿರುತ್ತೀರಿ, ಅದು ನನಗೆ ಗೊತ್ತು. ನೋಟ್‌ಬುಕ್ಕನ್ನು ಮುಂದಿನ ವರ್ಗದವರ ಕೈಗೆ ಕೊಟ್ಟು ಹೋಗಿ. ಮೊದಲ ಪುಟಕ್ಕೆ ಗೆರೆ ಹೊಡೆದು ತಂದಿದ್ದೇನೆ. ಯಾರು ತೆಗೆದುಕೊಳ್ಳುತ್ತೀರಿ, ಇಲ್ಲಿಗೆ ಬನ್ನಿ.